ಬಿಟ್ಟ ಎಲೆಯ ಲೆಕ್ಕ

ಇಸ್ಪೀಟಿನ ಆಟಗಳನ್ನು ಎಲೆಗಳ ಸಂಖ್ಯೆಯಿಂದಲೋ ಆಡುವವರ ಸಂಖ್ಯೆಯಿಂದಲೋ ವಿಂಗಡಿಸುವುದು ರೂಢಿಯಲ್ಲಿದ್ದರೂ, ಗಣಿತದ ಕಡೆಯಿಂದ ನೋಡುವವರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಎಲೆ ಹಂಚಿದ ಮೇಲೆ ಆಡುವವರು ತಾವಾಗಿ ನಿರ್ಧರಿಸಬೇಕಾದ್ದು ಏನಾದರೂ ಉಳಿದಿರುತ್ತದೆಯೇ? ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ, ಕರ್ನಾಟಕದ ಇತರ ಕಡೆಗಳಲ್ಲಿರುವಂತೆಯೇ, ಎರಡು ಆಟಗಳು ಎಲ್ಲರಿಗೂ ಗೊತ್ತು. ಪೊಲೀಸ್ ದಾಳಿಯ ಸುದ್ದಿಗಳಲ್ಲಿ ಮತ್ತೆ ಮತ್ತೆ ಹೆಸರು ಕೇಳಿಬರುವ ಅಂದರ್–ಬಾಹರ್ ಒಂದಾದರೆ, ಮನೆಯ ಜಗಲಿಯಿಂದ ಕ್ಲಬ್ಬಿನ ಮೇಜಿನವರೆಗೆ ಎಲ್ಲೆಡೆ ಸಲ್ಲುವ ರಮ್ಮಿ ಇನ್ನೊಂದು. ಎರಡಕ್ಕೂ ಬೇಕಾದದ್ದು ಅದೇ ಇಸ್ಪೀಟೆಲೆಗಳ ಕಟ್ಟು. ಆದರೆ ಮೇಲಿನ ಪ್ರಶ್ನೆಗೆ ಅವು ಕೊಡುವ ಉತ್ತರಗಳು ಪರಸ್ಪರ ವಿರುದ್ಧವಾಗಿವೆ.

ಅಂದರ್–ಬಾಹರ್‌ನಲ್ಲಿ ಒಂದು ಎಲೆಯನ್ನು ಬಿಚ್ಚಿ ನಡುವೆ ಇಟ್ಟು, ಉಳಿದ 51 ಎಲೆಗಳನ್ನು ಒಳಗೊಂದು ಹೊರಗೊಂದು ಎಂದು ಸರದಿಯಂತೆ ಬಿಚ್ಚುತ್ತ ಹೋಗುತ್ತಾರೆ. ನಡುವಿನ ಎಲೆ 8 ಆಗಿದ್ದರೆ ಮುಂದಿನ 8 ಯಾವ ಕಡೆ ಬೀಳುತ್ತದೆಯೋ ಆ ಕಡೆಗೆ ಹಣ ಕಟ್ಟಿದವರು ಗೆದ್ದಂತೆ. ಉಳಿದ ಮೂರು 8ಗಳು 51 ಸ್ಥಾನಗಳಲ್ಲಿ ಕುಳಿತಿರಬಹುದಾದ ರೀತಿಗಳು 20,825. ಅವುಗಳ ಪೈಕಿ ಮೊದಲ 8 ಬೆಸಸ್ಥಾನದಲ್ಲಿ, ಅಂದರೆ ಮೊದಲು ಎಲೆ ಪಡೆದ ಕಡೆಯಲ್ಲಿ, ಬೀಳುವ ರೀತಿಗಳು 10,725. ಹಾಗಾಗಿ ಮೊದಲ ಕಡೆಗೆ ಶೇ 51.5ರಷ್ಟು, ಎರಡನೆಯ ಕಡೆಗೆ ಶೇ 48.5ರಷ್ಟು ಅವಕಾಶವಿದ್ದು, ಈ ಸಣ್ಣ ಅಂತರವನ್ನು ತಿಳಿದುಕೊಂಡ ಮೇಲೆ ಆ ಆಟದಲ್ಲಿ ಕಲಿಯಬೇಕಾದ್ದು ಏನೂ ಉಳಿಯುವುದಿಲ್ಲ. ಬಹಳ ಕಾಲದಿಂದ ಆಡುತ್ತ ಬಂದವರಿಗೂ ಅಂದೇ ಕುಳಿತವರಿಗೂ ನಡುವೆ ಯಾವ ವ್ಯತ್ಯಾಸವೂ ಇಲ್ಲದಿರಲು ಕಾರಣ, ಎಲೆ ಬಿಚ್ಚತೊಡಗಿದ ಮೇಲೆ ಆಡುವವರ ಕೈಯಲ್ಲಿ ಯಾವ ಆಯ್ಕೆಯೂ ಇರುವುದಿಲ್ಲ ಎಂಬುದೇ.

ಇದರ ಎದುರು ತುದಿಯಲ್ಲಿ ಅಳಗುಳಿಮಣೆಯಂಥ ಆಟಗಳಿವೆ. ಅಲ್ಲಿ ಎಲ್ಲ ಹರಳುಗಳೂ ಇಬ್ಬರ ಕಣ್ಣಮುಂದೆಯೇ ಇರುವುದರಿಂದ ಅದೃಷ್ಟಕ್ಕೆ ಜಾಗವೇ ಇಲ್ಲ, ಯಾವ ಗುಳಿಯಿಂದ ಎತ್ತಬೇಕೆಂಬ ನಿರ್ಧಾರವೇ ಪೂರ್ತಿ ಆಟ. ಮುಂಡಗೋಡದ ಟಿಬೆಟನ್ ವಸಾಹತಿಗೆ 1960ರ ದಶಕದಲ್ಲಿ ಬಂದು ನೆಲೆಸಿದವರ ಸಾಂಪ್ರದಾಯಿಕ ಆಟವಾದ ಶೋ ಇವೆರಡರ ನಡುವೆ ನಿಲ್ಲುತ್ತದೆ. ಅದರಲ್ಲಿ ಬಟ್ಟಲಲ್ಲಿ ಕುಲುಕಿ ಬೋರಲು ಹಾಕುವ ಎರಡು ದಾಳಗಳು ಎಷ್ಟು ಮನೆ ನಡೆಯಬೇಕೆಂದು ಹೇಳಿದರೂ, ಯಾವ ಕಾಯಿಯನ್ನು ನಡೆಸಬೇಕೆಂಬುದು ಆಡುವವರಿಗೆ ಬಿಟ್ಟದ್ದು. ರಮ್ಮಿಯೂ ಹೀಗೆ ನಡುವಿನದೇ, ಆದರೆ ಅದರಲ್ಲಿ ನಿರ್ಧಾರದ ಜಾಗ ಬಹಳ ಸ್ಪಷ್ಟವಾಗಿ ಗುರುತಾಗಿದೆ: ಕಟ್ಟಿನಿಂದ ಯಾವ ಎಲೆ ಬರುತ್ತದೆ ಎಂಬುದು ಆಡುವವರ ಕೈಯಲ್ಲಿಲ್ಲ, ಕೈಯಿಂದ ಯಾವ ಎಲೆ ಹೋಗಬೇಕು ಎಂಬುದು ಮಾತ್ರ ಪ್ರತಿ ಸರದಿಯಲ್ಲೂ ಅವರದೇ.

ಭಾರತದ ಸರ್ವೋಚ್ಚ ನ್ಯಾಯಾಲಯವೂ ಬೆರಳಿಟ್ಟದ್ದು ಇದೇ ಜಾಗದ ಮೇಲೆ. ಸಿಕಂದರಾಬಾದಿನ ಒಂದು ಕ್ಲಬ್ಬಿನಲ್ಲಿ ರಮ್ಮಿ ಆಡುತ್ತಿದ್ದವರ ಮೇಲೆ ಹೂಡಲಾಗಿದ್ದ ಮೊಕದ್ದಮೆಯಲ್ಲಿ, ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ಎಂಬ ಹೆಸರಿನಿಂದ 1968ರ ತೀರ್ಪುಗಳ ಸಂಪುಟದಲ್ಲಿ ದಾಖಲಾಗಿರುವ ಪ್ರಕರಣದಲ್ಲಿ, ರಮ್ಮಿಯು ಮೂರೆಲೆಯಾಟದಂತೆ ಬರಿಯ ಅದೃಷ್ಟದ ಆಟವಲ್ಲವೆಂದೂ, ಬಿದ್ದ ಎಲೆಗಳನ್ನು ನೆನಪಿಡುವುದಕ್ಕೂ ಎಲೆಗಳನ್ನು ಇಟ್ಟುಕೊಳ್ಳುವ ಮತ್ತು ಬಿಡುವ ಬಗೆಯನ್ನು ಅರಿತು ಕೈ ಕಟ್ಟುವುದಕ್ಕೂ ಗಣನೀಯ ಕೌಶಲ ಬೇಕಾಗುವುದರಿಂದ ಅದು ಮುಖ್ಯವಾಗಿ ಕೌಶಲದ ಆಟವೆಂದೂ ನ್ಯಾಯಾಲಯ ಅಭಿಪ್ರಾಯಪಟ್ಟಿತು. ಎಲೆ ಹಂಚಿಕೆಯಲ್ಲಿ ಅದೃಷ್ಟವಿದೆ ಎಂಬ ಆಕ್ಷೇಪಕ್ಕೆ, ಆ ಮಟ್ಟಿನ ಅದೃಷ್ಟ ಬ್ರಿಜ್ ಆಟದಲ್ಲೂ ಇದೆಯಲ್ಲವೇ ಎಂಬುದು ಅದರ ಉತ್ತರವಾಗಿತ್ತು. ಬಿಡುವುದರಲ್ಲಿ ಕೌಶಲವಿದೆ ಎಂದು ನ್ಯಾಯಾಧೀಶರು ಒಂದು ಮಾತಿನಲ್ಲಿ ಹೇಳಿದ್ದನ್ನು ಗಣಿತ ಎಷ್ಟರ ಮಟ್ಟಿಗೆ ಅಳೆದು ತೋರಿಸಬಲ್ಲದು ಎಂಬುದೇ ಈ ಅಧ್ಯಾಯದ ವಿಷಯ.

ಅಳತೆಗೆ ರಮ್ಮಿಯಿಂದಲೇ ತೊಡಗುವುದು ಕಷ್ಟ, ಏಕೆಂದರೆ ಅದರಲ್ಲಿ ನಿರ್ಧಾರ ಪ್ರತಿ ಸರದಿಯಲ್ಲೂ ಬರುತ್ತದೆ, ಪ್ರತಿ ನಿರ್ಧಾರವೂ ಹಿಂದಿನವುಗಳ ಮೇಲೆ ನಿಂತಿರುತ್ತದೆ. ಬಿಡುವ ನಿರ್ಧಾರ ಒಂದೇ ಸಲ ಬರುವ, ಅದರ ಫಲವನ್ನು ಕೊನೆಯ ಅಂಕದವರೆಗೆ ಎಣಿಸಬಹುದಾದ ಆಟವೊಂದು ಮೊದಲು ಬೇಕು. 17ನೆಯ ಶತಮಾನದ ಇಂಗ್ಲಿಷ್ ಕವಿ ಸರ್ ಜಾನ್ ಸಕ್ಲಿಂಗ್ ರೂಪಿಸಿದನೆಂದು ಹೇಳಲಾಗುವ ಕ್ರಿಬೇಜ್ ಅಂಥ ಆಟ. ಇಬ್ಬರು ಆಡುವಾಗ ಒಬ್ಬೊಬ್ಬರಿಗೂ 6 ಎಲೆ ಹಂಚುತ್ತಾರೆ. ಇಬ್ಬರೂ ತಲಾ 4 ಎಲೆ ಇಟ್ಟುಕೊಂಡು 2 ಎಲೆಗಳನ್ನು ಕವುಚಿ ಬಿಡಬೇಕು. ಹಾಗೆ ಬಿಟ್ಟ ನಾಲ್ಕು ಎಲೆಗಳು ಸೇರಿ ‘ಕ್ರಿಬ್’ ಎಂಬ ಇನ್ನೊಂದು ಕೈಯಾಗುತ್ತದೆ, ಅದು ಆ ಸಲ ಎಲೆ ಹಂಚಿದವರಿಗೆ ಸೇರುತ್ತದೆ. ಆಮೇಲೆ ಕಟ್ಟನ್ನು ಕತ್ತರಿಸಿ ಒಂದು ಎಲೆಯನ್ನು ಬಿಚ್ಚುತ್ತಾರೆ. ಈ ಬಿಚ್ಚೆಲೆ ಎಲ್ಲ ಕೈಗಳಿಗೂ ಐದನೆಯ ಎಲೆಯಾಗಿ ಲೆಕ್ಕಕ್ಕೆ ಬರುತ್ತದೆ. ಎಕ್ಕಕ್ಕೆ 1, ಗುಲಾಮ, ರಾಣಿ, ರಾಜರಿಗೆ 10, ಉಳಿದವಕ್ಕೆ ಅವುಗಳ ಮೇಲಿನ ಸಂಖ್ಯೆ ಬೆಲೆಯಾಗಿದ್ದು, ಕೂಡಿದರೆ 15 ಬರುವ ಪ್ರತಿ ಗುಂಪಿಗೆ 2 ಅಂಕ, ಪ್ರತಿ ಜೋಡಿಗೆ 2 ಅಂಕ, ಮೂರು ಅಥವಾ ಹೆಚ್ಚು ಎಲೆಗಳ ಸಾಲಿಗೆ ಎಲೆಗೊಂದು ಅಂಕ ಸಿಗುತ್ತದೆ. ನಾಲ್ಕೂ ಎಲೆ ಒಂದೇ ಜಾತಿಯಾದರೆ 4, ಬಿಚ್ಚೆಲೆಯ ಜಾತಿಯ ಗುಲಾಮ ಕೈಯಲ್ಲಿದ್ದರೆ 1 ಎಂಬ ಚಿಕ್ಕ ನಿಯಮಗಳೂ ಇವೆ. ನಡುವೆ ಎಲೆಗಳನ್ನು ಒಂದೊಂದಾಗಿ ಇಳಿಸುತ್ತ ಅಂಕ ಗಳಿಸುವ ಘಟ್ಟವೊಂದಿದ್ದರೂ, ಇಲ್ಲಿಯ ಲೆಕ್ಕಕ್ಕೆ ಅದನ್ನು ಬದಿಗಿಡಬಹುದು. ಮೊದಲು 121 ಅಂಕ ಮುಟ್ಟಿದವರು ಗೆಲ್ಲುತ್ತಾರೆ.

ಆರರಲ್ಲಿ ನಾಲ್ಕನ್ನು ಆರಿಸುವ ರೀತಿಗಳು ಎಷ್ಟು? ಈ ಪ್ರಶ್ನೆಯ ಸಾಮಾನ್ಯ ಸೂತ್ರವನ್ನು, ಅಂದರೆ ಎಷ್ಟು ವಸ್ತುಗಳಲ್ಲಿ ಎಷ್ಟನ್ನು ಬೇಕಾದರೂ ಆರಿಸಲು ಸಲ್ಲುವ ಸೂತ್ರವನ್ನು, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯ 9ನೆಯ ಶತಮಾನದಲ್ಲೇ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದಾನೆ. ಆ ಅರಸನ ಸಾಮಂತ ಬಂಕೆಯನು ಆಳಿದ್ದು ಬನವಾಸಿ ಪ್ರಾಂತ್ಯವನ್ನು; ಅವನ ಹೆಸರು ಹೊತ್ತ ಬಂಕಾಪುರ ಮುಂಡಗೋಡದಿಂದ ಹೆಚ್ಚು ದೂರವಿಲ್ಲ. ಇಸ್ಪೀಟೆಲೆ ಭಾರತಕ್ಕೆ ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಎಲೆಯಾಟಕ್ಕೆ ಬೇಕಾದ ಗಣಿತ ಈ ನೆಲದಲ್ಲಿ ಬರೆದಿಡಲ್ಪಟ್ಟಿತ್ತು ಎಂಬುದು ಕನ್ನಡಿಗರು ಅಭಿಮಾನದಿಂದ ನೆನೆಯಬೇಕಾದ ಸಂಗತಿ. ಮಹಾವೀರನ ಸೂತ್ರದಂತೆ 6ರಲ್ಲಿ 4ನ್ನು ಆರಿಸುವ ರೀತಿಗಳು 15. 52ರಲ್ಲಿ 6 ಎಲೆ ಕೈಗೆ ಬರುವ ರೀತಿಗಳು 2,03,58,520. ಎರಡು ಕೋಟಿಗೂ ಮಿಕ್ಕ ಕೈಗಳಲ್ಲಿ ಯಾವುದು ಬರುತ್ತದೆಯೆಂಬುದು ಅದೃಷ್ಟ, ಬಂದ ಕೈಯ ಹದಿನೈದು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದು ಕೌಶಲ.

ಒಂದು ಕೈಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಬೇರೆ ಬೇರೆ ಜಾತಿಗಳ 2, 3, 5, 6, 7 ಮತ್ತು ರಾಜ ಬಂದಿವೆ ಎಂದಿಟ್ಟುಕೊಳ್ಳಬಹುದು. ಹದಿನೈದು ದಾರಿಗಳನ್ನೂ ಪರೀಕ್ಷಿಸಿದರೆ ಅತಿ ಹೆಚ್ಚು ಅಂಕ ಕೊಡುವವು ಮೂರು, ಮೂರರಲ್ಲೂ 5–6–7ರ ಸಾಲು ಉಳಿಯುತ್ತದೆ. ಅದರ ಜೊತೆಗೆ ರಾಜನನ್ನು ಇಟ್ಟುಕೊಂಡರೆ 5 ಮತ್ತು 10 ಸೇರಿ ಹದಿನೈದು, 2ನ್ನು ಇಟ್ಟುಕೊಂಡರೆ 2, 6, 7 ಸೇರಿ ಹದಿನೈದು, 3ನ್ನು ಇಟ್ಟುಕೊಂಡರೆ 3, 5, 7 ಸೇರಿ ಹದಿನೈದು; ಹೀಗೆ ಮೂರಕ್ಕೂ ಸರಿಯಾಗಿ 5 ಅಂಕ. ಕಣ್ಣಿಗೆ ಕಾಣುವ ಅಂಕವನ್ನಷ್ಟೇ ನೋಡುವವರಿಗೆ ಇವುಗಳ ನಡುವೆ ಭೇದವಿಲ್ಲ.

ಭೇದ ಕಾಣಿಸುವುದು ಇನ್ನೂ ಬಿಚ್ಚದ ಎಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ. ಉಳಿದ 46 ಎಲೆಗಳಲ್ಲಿ ಯಾವುದಾದರೂ ಬಿಚ್ಚೆಲೆಯಾಗಬಹುದು, ಎಲ್ಲಕ್ಕೂ ಸಮಾನ ಅವಕಾಶವಿದೆ. ಆದ್ದರಿಂದ ಒಂದೊಂದು ಬಿಚ್ಚೆಲೆಗೂ ಕೈಯ ಅಂಕ ಎಷ್ಟಾಗುತ್ತದೆಂದು ಬರೆದು, ಎಲ್ಲವನ್ನೂ ಕೂಡಿ 46ರಿಂದ ಭಾಗಿಸಿದರೆ ಬರುವ ಸರಾಸರಿಯೇ ಆ ಕೈಯ ‘ನಿರೀಕ್ಷಿತ ಮೌಲ್ಯ’. ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್ 1657ರಲ್ಲಿ ಜೂಜಿನ ಲೆಕ್ಕಗಳ ಕುರಿತು ಬರೆದ ಪುಟ್ಟ ಪುಸ್ತಕದಿಂದ ನೆಲೆಗೊಂಡ ಈ ಕಲ್ಪನೆ, ಇಂದು ವಿಮೆಯ ಕಂತಿನಿಂದ ಹಿಡಿದು ಅಣೆಕಟ್ಟಿನ ನೀರು ಬಿಡುವ ನಿರ್ಧಾರದವರೆಗೆ ಎಲ್ಲೆಡೆ ಬಳಕೆಯಲ್ಲಿದೆ. 5–6–7–ರಾಜ ಇಟ್ಟುಕೊಂಡ ಕೈಗೆ 46 ಸಾಧ್ಯತೆಗಳ ಅಂಕಗಳ ಮೊತ್ತ 361, ಅಂದರೆ ಸರಾಸರಿ 7.85, 2–5–6–7 ಇಟ್ಟುಕೊಂಡರೆ ಮೊತ್ತ 389, ಸರಾಸರಿ 8.46, 3–5–6–7 ಇಟ್ಟುಕೊಂಡರೆ ಮೊತ್ತ 385, ಸರಾಸರಿ 8.37. ಸಮನಾಗಿ ಕಂಡಿದ್ದ ಮೂರು ದಾರಿಗಳಲ್ಲಿ ರಾಜನನ್ನು ಉಳಿಸಿಕೊಳ್ಳುವ ದಾರಿ ಉಳಿದೆರಡಕ್ಕಿಂತ ಅರ್ಧ ಅಂಕಕ್ಕೂ ಹೆಚ್ಚು ಹಿಂದೆ ಬಿದ್ದಿತು. ಕಾರಣವನ್ನೂ ಗುರುತಿಸಬಹುದು. 8 ಬಿಚ್ಚಿಕೊಂಡರೆ 2–5–6–7ರ ಕೈಯಲ್ಲಿ ಸಾಲು ನಾಲ್ಕು ಎಲೆಗಳದಾಗುವುದಲ್ಲದೆ 7 ಮತ್ತು 8 ಸೇರಿ ಒಂದು, 2, 5, 8 ಸೇರಿ ಇನ್ನೊಂದು ಹದಿನೈದು ಹುಟ್ಟಿ ಅಂಕ 10ಕ್ಕೆ ಏರುತ್ತದೆ. ರಾಜನಿದ್ದ ಕೈಯಲ್ಲಿ ಅದೇ 8 ಬಂದರೆ ಅಂಕ 8ಕ್ಕೇ ನಿಲ್ಲುತ್ತದೆ. ಚಿಕ್ಕ ಎಲೆ ಹಲವು ಗುಂಪುಗಳಲ್ಲಿ ಸೇರಿಕೊಳ್ಳುತ್ತದೆ, ದೊಡ್ಡ ಎಲೆ ಒಂದೇ ಏಟಿಗೆ ಹತ್ತನ್ನು ತಿಂದುಬಿಡುತ್ತದೆ.

ಇಲ್ಲಿಗೆ ನಿಂತರೆ ಅರ್ಧ ಲೆಕ್ಕ ಮಾತ್ರ ಆಗಿರುತ್ತದೆ, ಏಕೆಂದರೆ ಬಿಟ್ಟ ಎರಡು ಎಲೆಗಳು ಎಲ್ಲಿಗೂ ಮಾಯವಾಗಿಲ್ಲ. ರಾಜನನ್ನು ಉಳಿಸಿಕೊಂಡವರು ಬಿಟ್ಟದ್ದು 2 ಮತ್ತು 3ನ್ನು. ಅವೆರಡೂ ಕೂಡಿ 5 ಆಗುವುದರಿಂದ ಕ್ರಿಬ್ಬಿಗೆ ಸೇರುವ ಪ್ರತಿಯೊಂದು ಹತ್ತರ ಬೆಲೆಯ ಎಲೆಯೂ ಹದಿನೈದನ್ನು ತರುತ್ತದೆ, ಕಟ್ಟಿನಲ್ಲಿ ಅಂಥ ಎಲೆಗಳೇ 16 ಇವೆ. ಎಕ್ಕವೋ 4ನೋ ಬಂದರೆ ಸಾಲಾಗುತ್ತದೆ. 2ನ್ನು ಉಳಿಸಿಕೊಂಡವರು ಬಿಡುವ 3 ಮತ್ತು ರಾಜ ಸೇರಿ 13. ಅವೆರಡೂ ಒಟ್ಟಿಗೆ ಹದಿನೈದಾಗಲು ಇನ್ನೊಂದು 2 ಬೇಕು, ರಾಜನೊಬ್ಬನಿಂದಲೇ ಆಗಲು 5 ಬೇಕು, ಸಾಲಂತೂ ಇವುಗಳಿಂದ ಒಟ್ಟಿಗೆ ಆಗಲಾರದು. ಎದುರಾಳಿ ಬಿಟ್ಟಿರಬಹುದಾದ ಎರಡೆಲೆಗಳ 1,035 ಜೋಡಿಗಳು, ಪ್ರತಿ ಜೋಡಿಗೂ 44 ಬಿಚ್ಚೆಲೆಗಳು, ಒಟ್ಟು 45,540 ಸಾಧ್ಯತೆಗಳು. ಎದುರಾಳಿಯೂ ಕುರುಡಾಗಿ ಬಿಡುವುದಿಲ್ಲವಾದ್ದರಿಂದ ಅವುಗಳಲ್ಲಿ ಕೆಲವಕ್ಕೆ ಹೆಚ್ಚು ತೂಕ, ಕೆಲವಕ್ಕೆ ಕಡಿಮೆ ತೂಕ ಕೊಡಬೇಕು. ಗಣಕಯಂತ್ರದಿಂದ ಹೀಗೆ ಲೆಕ್ಕಹಾಕಿದ ಕೋಷ್ಟಕಗಳ ಪ್ರಕಾರ 2–3 ಬಿದ್ದ ಕ್ರಿಬ್ಬು, 3–ರಾಜ ಬಿದ್ದ ಕ್ರಿಬ್ಬಿಗಿಂತ ಸರಾಸರಿಯಲ್ಲಿ ಎರಡು ಅಂಕಕ್ಕೂ ಹೆಚ್ಚು ಬೆಲೆಬಾಳುತ್ತದೆ. ಆದ್ದರಿಂದ ಕ್ರಿಬ್ಬು ತಮ್ಮದಾಗಿದ್ದರೆ ಕೈಯಲ್ಲಿ ಅರ್ಧ ಅಂಕ ಕಳೆದುಕೊಂಡರೂ 2–3ನ್ನು ಬಿಡುವುದೇ ಲಾಭ. ಕ್ರಿಬ್ಬು ಎದುರಾಳಿಯದಾಗಿದ್ದರೆ ಅದೇ 2–3ನ್ನು ಬಿಡುವುದು ಎರಡು ಕಡೆಯಿಂದ ನಷ್ಟ. ಅದೇ ಆರು ಎಲೆ, ಅದೇ ನಿಯಮ. ಬಿಟ್ಟದ್ದು ಯಾರ ಪಾಲಾಗುತ್ತದೆ ಎಂಬ ಒಂದು ಸಂಗತಿ ಬದಲಾದೊಡನೆ ಸರಿಯಾದ ಉತ್ತರವೂ ತಲೆಕೆಳಗಾಯಿತು.

ಸರಾಸರಿಯೇ ಕೊನೆಯ ಮಾತೂ ಅಲ್ಲ. ಎಲೆ ಹಂಚದವರು ಮೊದಲು ಅಂಕ ಎಣಿಸುವ ನಿಯಮವಿರುವುದರಿಂದ, ಆಟ ಮುಗಿಯುವ ಹೊತ್ತಿನಲ್ಲಿ ಅವರಿಗೆ ಗೆಲ್ಲಲು ಇಂತಿಷ್ಟೇ ಅಂಕ ಬೇಕಾಗಿದ್ದು, ಅದು ಈ ಕೈಯಲ್ಲೇ ಬಾರದಿದ್ದರೆ ಎದುರಾಳಿ ಗೆದ್ದೇಬಿಡುವ ಸ್ಥಿತಿ ಒದಗಬಹುದು. ಬೇಕಾದದ್ದು 7 ಅಂಕವಾದರೆ 2–5–6–7ರ ಕೈ 46 ಬಿಚ್ಚೆಲೆಗಳಲ್ಲಿ ಯಾವುದು ಬಂದರೂ ಅದನ್ನು ತಪ್ಪದೆ ಕೊಡುತ್ತದೆ. ರಾಜನಿರುವ ಕೈ, ಎಕ್ಕ ಬಿಚ್ಚಿಕೊಂಡ 4 ಸಂದರ್ಭಗಳಲ್ಲಿ 5ಕ್ಕೇ ನಿಂತು ಕೈಕೊಡುತ್ತದೆ. ಬೇಕಾದದ್ದು 12 ಆಗಿದ್ದರೆ ಸರಾಸರಿಯಲ್ಲಿ ಮೊದಲನೆಯದಾದ 2–5–6–7ರ ಕೈಗೆ 46ರಲ್ಲಿ 6 ಅವಕಾಶ, ಸರಾಸರಿಯಲ್ಲಿ ಎರಡನೆಯದಾದ 3–5–6–7ರ ಕೈಗೆ 9 ಅವಕಾಶ. ಇನ್ನೊಂದು 5 ಬಿಚ್ಚಿಕೊಂಡಾಗ 3–5–7ರ ಹದಿನೈದು ಎರಡಾಗುತ್ತದೆ, 2–6–7ರ ಹದಿನೈದು ಒಂದಾಗಿಯೇ ಉಳಿಯುತ್ತದೆ. ವ್ಯತ್ಯಾಸವೆಲ್ಲ ಅಷ್ಟರಲ್ಲೇ ಅಡಗಿದೆ. ಸರಾಸರಿ ಹೆಚ್ಚಿರುವ ದಾರಿಯೂ ಗುರಿ ಮುಟ್ಟಿಸುವ ದಾರಿಯೂ ಬೇರೆ ಬೇರೆಯಾಗಬಹುದು ಎಂಬ ಈ ಸಂಗತಿ ಸಂಭವನೀಯತೆಯ ಶಾಸ್ತ್ರದಲ್ಲಿ ಬಹಳ ಮುಖ್ಯವಾದದ್ದು, ಆದರೂ ಪಠ್ಯಗಳಲ್ಲಿ ಇದಕ್ಕೆ ಸಿಗುವ ಜಾಗ ತೀರ ಕಡಿಮೆ. ಕ್ರಿಬೇಜ್ ಆಡುವವರು ಅಪರೂಪಕ್ಕೆ ಕನಸು ಕಾಣುವ 29 ಅಂಕದ ಕೈ, ಅಂದರೆ ಮೂರು 5 ಮತ್ತು ಒಂದು ಗುಲಾಮ ಕೈಯಲ್ಲಿದ್ದು ಆ ಗುಲಾಮನ ಜಾತಿಯ 5 ಬಿಚ್ಚಿಕೊಳ್ಳುವುದು, 2,16,580 ಸಲಕ್ಕೊಮ್ಮೆ ಬರುವಂಥದ್ದು. ಅದಕ್ಕಾಗಿ ಕಾಯುವ ಆಟಗಾರರಿಗಿಂತ 7 ಅಂಕವನ್ನು ಖಚಿತಪಡಿಸಿಕೊಳ್ಳುವ ಆಟಗಾರರು ಹೆಚ್ಚು ಗೆಲ್ಲುತ್ತಾರೆ.

ಈ ಸಾಧನಗಳನ್ನು ಹಿಡಿದು ಈಗ ರಮ್ಮಿಗೆ ಮರಳಬಹುದು. ನಮ್ಮಲ್ಲಿ ಆಡುವ ಹದಿಮೂರೆಲೆಯ ರಮ್ಮಿಯಲ್ಲಿ ಎರಡು ಕಟ್ಟುಗಳೂ ಎರಡು ಜೋಕರ್‌ಗಳೂ ಸೇರಿ 106 ಎಲೆ. ಪ್ರತಿ ಸರದಿಯಲ್ಲಿ ಒಂದು ಎಲೆ ಎತ್ತಿ ಒಂದು ಎಲೆ ಬಿಡಬೇಕು, ಬಿಟ್ಟ ಎಲೆಯನ್ನು ಮುಂದಿನವರು ಬೇಕಿದ್ದರೆ ಎತ್ತಿಕೊಳ್ಳಬಹುದು. ಒಂದೇ ಜಾತಿಯ ಮೂರು ಅಥವಾ ಹೆಚ್ಚು ಎಲೆಗಳ ಸಾಲಿಗೆ ಸೀಕ್ವೆನ್ಸ್ ಎಂದೂ, ಬೇರೆ ಬೇರೆ ಜಾತಿಗಳ ಒಂದೇ ಬೆಲೆಯ ಎಲೆಗಳಿಗೆ ಸೆಟ್ ಎಂದೂ ಹೆಸರು; ಹದಿಮೂರೂ ಎಲೆಗಳನ್ನು ಇಂಥ ಗುಂಪುಗಳಾಗಿ ಕೂಡಿಸುವುದೇ ಗುರಿ. ಎಕ್ಕ ಎರಡು ತುದಿಯಲ್ಲೂ ಸಲ್ಲುವುದರಿಂದ ಒಂದು ಜಾತಿಯಲ್ಲಿ ಮೂರೆಲೆಯ ಸೀಕ್ವೆನ್ಸ್‌ಗಳು 12 ಇವೆ. 3ರಿಂದ ರಾಣಿಯವರೆಗಿನ ಒಂದೊಂದು ಎಲೆಯೂ ಅವುಗಳಲ್ಲಿ ಮೂರರಲ್ಲಿ ಸೇರುತ್ತದೆ, ಎಕ್ಕ, 2 ಮತ್ತು ರಾಜ ಎರಡೆರಡರಲ್ಲಿ ಮಾತ್ರ. ಆಟೀನಿನ 6–7 ಕೈಯಲ್ಲಿದ್ದರೆ 5 ಅಥವಾ 8 ಬರಬೇಕು, ಎರಡು ಕಟ್ಟು ಸೇರಿ ನಾಲ್ಕು ಎಲೆಗಳಿಗೆ ಕಾದಂತೆ. 6–8 ಇದ್ದರೆ ಎರಡೇ 7ಗಳಿಗೆ ಕಾಯಬೇಕು. ಎಕ್ಕಕ್ಕೂ ರಾಜ, ರಾಣಿ, ಗುಲಾಮರಿಗೂ ಸೋತಾಗ ಹತ್ತತ್ತು ಅಂಕದ ಹೊರೆ ಇರುವುದರಿಂದ, ಒಂಟಿ ರಾಜನನ್ನು ಬೇಗ ಇಳಿಸು ಎಂದು ಹಿರಿಯ ಆಟಗಾರರು ಹೇಳಿಕೊಡುವ ಮಾತು ಎರಡು ರೀತಿಯಿಂದಲೂ ಸರಿ: ರಾಜನ ಹೊರೆ ದೊಡ್ಡದು, ಸೀಕ್ವೆನ್ಸ್‌ಗೆ ಸೇರುವ ದಾರಿ ಕಡಿಮೆ.

ಆದರೆ ಈ ಮಾತು ತಪ್ಪುವ ಸಂದರ್ಭಗಳೇ ಕೌಶಲದ ನಿಜವಾದ ಪರೀಕ್ಷೆ. ಒಬ್ಬರ ಕೈಯಲ್ಲಿ ಒಂಬತ್ತು ಎಲೆಗಳು ಆಗಲೇ ಕೂಡಿಕೊಂಡಿದ್ದು, ಈಗಷ್ಟೇ ಎತ್ತಿದ್ದೂ ಸೇರಿ ಉಳಿದ ಐದರಲ್ಲಿ ಆಟೀನಿನ 6–7, ಇಸ್ಪೀಟಿನ 8 ಮತ್ತು 10, ಡೈಮಂಡಿನ ರಾಜ ಇವೆ ಎಂದಿಟ್ಟುಕೊಳ್ಳಬಹುದು. ಬಿಟ್ಟ ಎಲೆಗಳ ಓಪನ್ ರಾಶಿಯಲ್ಲಿ ಹನ್ನೊಂದು ಎಲೆ ಬಿದ್ದಿವೆ. ಅವುಗಳಲ್ಲಿ ಇಸ್ಪೀಟಿನ ಎರಡೂ ಗುಲಾಮರು, ಇಸ್ಪೀಟಿನ ಒಂದು 9, ಡೈಮಂಡ್ ಅಲ್ಲದ ಬೇರೆ ಜಾತಿಗಳ ಎರಡು 10, ಇಸ್ಪೀಟಿನ ಎರಡೂ ರಾಣಿಯರು, ಆಟೀನಿನ ಒಬ್ಬ ರಾಣಿ ಸೇರಿದ್ದಾರೆ. ಮುಂದಿನ ಆಟಗಾರ ಸ್ವಲ್ಪ ಹೊತ್ತಿನ ಹಿಂದೆ ರಾಶಿಯಿಂದ ಡೈಮಂಡಿನ ರಾಣಿಯನ್ನು ಎತ್ತಿಕೊಂಡಿದ್ದಾನೆ. ಒಂಟಿ ರಾಜನನ್ನು ಬಿಡಬೇಕೇ, ಇಸ್ಪೀಟಿನ 10ನ್ನು ಬಿಡಬೇಕೇ? ಎರಡಕ್ಕೂ ಹೊರೆ ಹತ್ತೇ ಅಂಕ, ಆದ್ದರಿಂದ ಆ ದೃಷ್ಟಿಯಿಂದ ಎರಡೂ ಸಮ.

ಜೋಕರ್‌ಗಳನ್ನು ಬದಿಗಿಟ್ಟು, ಆ ರಾಣಿಯಿಂದ ಮೂರೆಲೆ ಪೂರ್ತಿಯಾಯಿತೆಂದು ಭಾವಿಸಿದರೆ, ಅವನ ಕೈಯಲ್ಲಿ ಮೊದಲೇ ಇದ್ದಿರಬಹುದಾದ ಜೋಡಿಗಳನ್ನು ಎಣಿಸಬಹುದು. ಡೈಮಂಡಿನ 10–ಗುಲಾಮ 4 ರೀತಿಯಲ್ಲಿ ಇರಬಹುದು. ಡೈಮಂಡಿನ ಎರಡು ರಾಜರಲ್ಲಿ ಒಬ್ಬ ಇಲ್ಲೇ ಇರುವುದರಿಂದ ಗುಲಾಮ–ರಾಜ 2, ರಾಜ–ಎಕ್ಕ 2. ಒಟ್ಟು ಸೀಕ್ವೆನ್ಸ್‌ಗೆ 8 ರೀತಿ. ಯಾವ ರಾಣಿಯೂ ಬಿದ್ದಿರದಿದ್ದರೆ ಬೇರೆ ಮೂರು ಜಾತಿಗಳ ರಾಣಿಯರ ಜೋಡಿಗಳು 12 ಆಗುತ್ತಿದ್ದವು. ಆದರೆ ಮೂವರು ರಾಣಿಯರು ರಾಶಿಯಲ್ಲಿ ಕಾಣುತ್ತಿರುವುದರಿಂದ ಆಟೀನಿನ ಉಳಿದೊಬ್ಬಳು, ಕಳಾವರಿನ ಇಬ್ಬರು ಸೇರಿ 2 ರೀತಿ ಮಾತ್ರ ಉಳಿದಿವೆ. ಇಲ್ಲಿ ಬಿಡಲಿರುವ ರಾಜನಿಂದ ಅವನಿಗೆ ಉಪಯೋಗವಾಗುವುದು 10–ಗುಲಾಮ–ರಾಣಿ ಕೂಡಿದ್ದಾಗ, ಏಕೆಂದರೆ ಹದಿಮೂರೆಲೆ ಕೂಡಿಸಲು ಒಂದು ಗುಂಪಾದರೂ ನಾಲ್ಕೆಲೆಯದಾಗಬೇಕು. ರಾಶಿಯನ್ನು ಗಮನಿಸದವರಿಗೆ ಆ ಅಪಾಯ 20ರಲ್ಲಿ 4, ಗಮನಿಸಿದವರಿಗೆ 10ರಲ್ಲಿ 4. ಶೇ 20 ಎಂದುಕೊಂಡದ್ದು ವಾಸ್ತವದಲ್ಲಿ ಶೇ 40. ಹೊಸ ಮಾಹಿತಿ ಬಂದಂತೆ ಹಳೆಯ ಅಂದಾಜನ್ನು ಹೀಗೆ ತಿದ್ದಿಕೊಳ್ಳುವ ಕ್ರಮಕ್ಕೆ, ಅದರ ಮೂಲಸೂತ್ರವನ್ನು ಕಂಡುಕೊಂಡ ಥಾಮಸ್ ಬೇಸ್ ಎಂಬ ಇಂಗ್ಲಿಷ್ ಪಾದ್ರಿಯ ಹೆಸರಿದೆ. ಅವನ ಪ್ರಬಂಧ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1763ರಲ್ಲಿ.

ಇನ್ನೊಂದು ಕಡೆ ಇಸ್ಪೀಟಿನ 10ನ್ನು ಬಿಟ್ಟರೆ ಆಗುವ ನಷ್ಟವೆಷ್ಟು? ಅದು 8ರ ಜೊತೆ ಕಾಯುತ್ತಿದ್ದದ್ದು 9ಕ್ಕೆ, ಎರಡರಲ್ಲಿ ಒಂದು 9 ಆಗಲೇ ಬಿದ್ದಿದೆ. ಕಾಣದಿರುವ ಸುಮಾರು 80 ಎಲೆಗಳಲ್ಲಿ ಇನ್ನೊಂದೇ ಇದೆ, ಅಂದರೆ ಒಂದು ಸರದಿಗೆ ಶೇ 1ಕ್ಕಿಂತ ತುಸು ಹೆಚ್ಚು ಅವಕಾಶ. ಎದುರಾಳಿಗಳಿಗೂ ಆ 10 ಬೇಕಾಗುವುದು ಕಷ್ಟ, ಗುಲಾಮರಿಬ್ಬರೂ ಹೋಗಿರುವುದರಿಂದ ಅದು ಸೇರಬಹುದಾದ ಸೀಕ್ವೆನ್ಸ್ 8–9–10 ಒಂದೇ. ಒಂಟಿ ರಾಜನನ್ನು ಕೈಯಲ್ಲಿಟ್ಟುಕೊಂಡು, ನೋಡಲು ಜೋಡಿಯಂತಿರುವ ಎಲೆಗಳನ್ನು ಒಡೆಯುವುದೇ ಇಲ್ಲಿ ಸರಿ. ಹೊಸಬರಿಗೆ ಇದು ತಪ್ಪಾಟದಂತೆ ಕಂಡೀತು, ಆದರೆ ಅನುಭವಿಗಳು ಈ ಸಂಖ್ಯೆಗಳನ್ನು ಬರೆಯದೆಯೇ ಕೆಲವು ಕ್ಷಣಗಳಲ್ಲಿ ಇದೇ ತೀರ್ಮಾನಕ್ಕೆ ಬರುತ್ತಾರೆ. ನ್ಯಾಯಾಲಯ ಹೇಳಿದ ನೆನಪಿನ ಮಾತಿಗೆ ಇಷ್ಟು ನಿಖರವಾದ ಅರ್ಥವಿದೆ: ಬಿದ್ದ ಮೂವರು ರಾಣಿಯರನ್ನು ನೆನಪಿಟ್ಟುಕೊಂಡವರಿಗೆ ಮಾತ್ರ ಅಪಾಯ ಇಮ್ಮಡಿಯಾದದ್ದು ತಿಳಿಯುತ್ತದೆ. ಬಿಟ್ಟ ಪ್ರತಿ ಎಲೆಯೂ ಬಿಟ್ಟವರ ಕೈಯ ಕುರಿತು ಇತರರಿಗೆ ಸುದ್ದಿ ಕೊಡುತ್ತದೆ ಎಂಬ ಇನ್ನೊಂದು ಮುಖವೂ ಇದಕ್ಕಿದೆ. ಆದ್ದರಿಂದಲೇ ನುರಿತವರು ಕೆಲವೊಮ್ಮೆ ದಾರಿ ತಪ್ಪಿಸಲೆಂದೇ ಒಂದು ಎಲೆ ಬಿಡುತ್ತಾರೆ. ಹಾಗೆ ಬಿಡುವುದನ್ನು ಎಷ್ಟು ಸಲಕ್ಕೊಮ್ಮೆ ಮಾಡಿದರೆ ಲಾಭ ಎಂಬ ಪ್ರಶ್ನೆ, ಜಾನ್ ಫಾನ್ ನಾಯ್ಮನ್ 1928ರಲ್ಲಿ ಅಡಿಪಾಯ ಹಾಕಿದ ಆಟಗಳ ಸಿದ್ಧಾಂತಕ್ಕೆ ಸೇರಿದ್ದು.

ಕೌಶಲವನ್ನು ಹೀಗೆ ಅಳೆಯಬಹುದೆಂದ ಮಾತ್ರಕ್ಕೆ ಹಣ ಕಟ್ಟಿ ಆಡುವುದು ಸುರಕ್ಷಿತವೆಂದು ಯಾರೂ ತಿಳಿಯಬಾರದು. ಒಂದೆರಡು ಆಟಗಳಲ್ಲಿ ಹಂಚಿಕೆಯ ಅದೃಷ್ಟವೇ ಮೇಲುಗೈಯಾಗುತ್ತದೆ, ಬಿಡುವ ಕೌಶಲದಿಂದ ಬರುವ ಸಣ್ಣ ಲಾಭ ಎದ್ದು ಕಾಣಲು ನೂರಾರು ಆಟ ಬೇಕು. ಅಷ್ಟರೊಳಗೆ ಸೋಲಿನ ಸರಣಿ ಸಾಮಾನ್ಯ ಕುಟುಂಬವೊಂದರ ಕೈಯನ್ನು ಪೂರ್ತಿ ಬರಿದು ಮಾಡಬಹುದು. ಕರ್ನಾಟಕ ಪೊಲೀಸ್ ಕಾಯ್ದೆ, 1963 ಶುದ್ಧ ಕೌಶಲದ ಆಟಗಳಿಗೆ ವಿನಾಯಿತಿ ಕೊಟ್ಟಿತ್ತು. 2021ರ ತಿದ್ದುಪಡಿ ಹಣ ಕಟ್ಟಿ ಆಡುವ ಕೌಶಲದ ಆಟಗಳನ್ನೂ ಜೂಜಿನ ವ್ಯಾಪ್ತಿಗೆ ತಂದಿತು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆಯಂತೂ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮಟ್ಟಿಗೆ ಕೌಶಲ ಮತ್ತು ಅದೃಷ್ಟ ಎಂಬ ಭೇದವನ್ನೇ ಕೈಬಿಟ್ಟು ಎರಡನ್ನೂ ನಿಷೇಧಿಸಿತು. ಜನರ ಹಣವನ್ನು ಉಳಿಸುವ ದೃಷ್ಟಿಯಿಂದ ಈ ನಿಲುವಿಗೆ ಗಟ್ಟಿಯಾದ ಕಾರಣವಿದೆ, ಆದರೆ ಭೇದ ಗಣಿತದಲ್ಲಿ ಮೊದಲಿದ್ದಂತೆಯೇ ಇದೆ.

ಹತ್ತನೆಯ ತರಗತಿಯ ಗಣಿತ ಪುಸ್ತಕದಲ್ಲಿ, ಸಂಭವನೀಯತೆಯ ಪಾಠದೊಳಗೆ, 52 ಎಲೆಗಳ ಕಟ್ಟು ಆಗಲೇ ಬಂದು ಕುಳಿತಿದೆ. ಒಂದು ಎಲೆ ಎತ್ತಿದರೆ ಅದು ರಾಜನಾಗುವ ಸಂಭವನೀಯತೆ ಎಷ್ಟು ಎಂಬಲ್ಲಿಗೆ ಪ್ರಶ್ನೆ ಸಾಮಾನ್ಯವಾಗಿ ಮುಗಿಯುತ್ತದೆ. ಹಳಿಯಾಳದ ಪ್ರೌಢಶಾಲೆಯಲ್ಲಾಗಲಿ ಜೊಯಿಡಾದ ಕಾಡಂಚಿನ ಶಾಲೆಯಲ್ಲಾಗಲಿ ಪಾಠ ಹೇಳುವ ಗಣಿತದ ಮೇಷ್ಟ್ರುಗಳು ಇನ್ನೊಂದು ಹೆಜ್ಜೆ ಮುಂದಿಟ್ಟು, ಕಾಸಿನ ಮಾತಿಲ್ಲದೆ, ಮಕ್ಕಳಿಗೆ ಆರಾರು ಎಲೆ ಹಂಚಿ, ಹದಿನೈದು ದಾರಿಗಳನ್ನೂ ಬರೆಸಿ, ಯಾವ ಎರಡನ್ನು ಬಿಡುತ್ತೀರಿ, ಯಾಕೆ ಎಂದು ಕೇಳಬೇಕು. ಅದಕ್ಕೆ ಬೇಕಾದದ್ದು ಒಂದು ಕಟ್ಟು ಎಲೆ, ಒಂದು ಹಾಳೆ ಮತ್ತು ಒಂದು ತರಗತಿಯ ಅವಧಿ.